ಮೈಸೂರಿನಿಂದ ವಾಪಸ್ ಬರುವಾಗ: ರಂಗನತಿಟ್ಟೋ, ಕೊಕ್ಕರೆಬೆಳ್ಳೂರೋ?

ಕೊಡಗು, ಮೈಸೂರು ಸುತ್ತಿ ಬೆಂಗಳೂರಿಗೆ ಮರಳುವಾಗ ಈ ಎರಡೂ ಹಕ್ಕಿ ತಾಣಗಳಿಗೆ ಟೈಮ್ ಸಾಲದು. ಒಂದನ್ನು ಆರಿಸಲೇಬೇಕು.

ಮಕ್ಕಳಿದ್ದರೆ ರಂಗನತಿಟ್ಟು. ಶ್ರೀರಂಗಪಟ್ಟಣದ ಹತ್ತಿರವೇ ಇದೆ, ಜಾಸ್ತಿ ಸುತ್ತಬೇಕಿಲ್ಲ. ಕಾವೇರಿಯ ನಡುಗಡ್ಡೆಗಳ ಈ ಜಾಗ 1940ರಿಂದಲೇ ಪಕ್ಷಿಧಾಮ. ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತದೆ, ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಆದರೆ ಭಾನುವಾರ ದೋಣಿಗೆ ಕ್ಯೂ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಜಾಸ್ತಿ ಬಿಟ್ಟರೆ ದೋಣಿಯೇ ಇಲ್ಲ. ದೋಣಿಯಿಲ್ಲದ ರಂಗನತಿಟ್ಟು ಅರ್ಧ ಮಜಾ ಅಷ್ಟೇ.

ನನ್ನ ಓಟು ಮಾತ್ರ ಕೊಕ್ಕರೆಬೆಳ್ಳೂರಿಗೆ. ಮದ್ದೂರು ದಾಟಿ, ರುದ್ರಾಕ್ಷಿಪುರದ ಬಳಿ ತಿರುಗಿ, ಸುಮಾರು 12 ಕಿ.ಮೀ. ಒಳಗೆ. ಎಕ್ಸ್‌ಪ್ರೆಸ್‌ವೇಯಲ್ಲೇ ಇದ್ದರೆ ತಿರುವು ಸಿಗುವುದಿಲ್ಲ, ಮೊದಲೇ ಸರ್ವಿಸ್ ರಸ್ತೆಗೆ ಇಳಿಯಿರಿ. ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ! ಹಿಕ್ಕೆ ವಾಸನೆ ಇದ್ದೇ ಇರುತ್ತದೆ, ಟೋಪಿ ಹಾಕಿಕೊಳ್ಳಿ. ಊರವರ ಮನೆಯಂಗಳ ಅಲ್ವಾ, ಕ್ಯಾಮೆರಾ ಹಿಡಿಯುವ ಮುಂಚೆ ಕೇಳಿ.

ಫೆಬ್ರವರಿ, ಮಾರ್ಚ್‌ನಲ್ಲಿ ಎರಡೂ ಕಡೆ ಮರ ತುಂಬ ಹಕ್ಕಿ. ಆಗಸ್ಟ್‌ನಲ್ಲಾದರೆ ಕೊಕ್ಕರೆಬೆಳ್ಳೂರಿಗೆ ಸುಮ್ನೆ ಹೋಗಬೇಡಿ, ಗೂಡುಗಳು ಖಾಲಿ. ಮದ್ದೂರು ವಡೆ ತಿಂದು ನೇರ ಮನೆಗೆ ಬನ್ನಿ.