ಒಂದೇ ಗೇರ್, ಮೂರು ಮೆಷಿನ್: ಹೊಸೂರಿನ ವರ್ಕ್‌ಶಾಪಿನಲ್ಲಿ ಮಾಡಿ ನೋಡಿದ ಹೋಲಿಕೆ

ಹೊಸೂರಿನ ನಮ್ಮ ವರ್ಕ್‌ಶಾಪಿನಲ್ಲಿ ಎರಡು ಲೇತ್ ಮತ್ತು ಒಂದು ಹಳೆಯ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್ ಇದ್ದವು. ಗೇರಿನ ಬ್ಲಾಂಕ್‌ಗಳನ್ನು, ಅಂದರೆ ಹಲ್ಲು ಕತ್ತರಿಸುವ ಮುಂಚಿನ ಗುಂಡು ಬಿಲ್ಲೆಗಳನ್ನು, ಇಲ್ಲಿ ಟರ್ನಿಂಗ್ ಮಾಡಿ, ಹಲ್ಲು ಕತ್ತರಿಸುವ ಕೆಲಸಕ್ಕೆ ಬೊಮ್ಮಸಂದ್ರಕ್ಕೆ ಕಳುಹಿಸುತ್ತಿದ್ದೆವು. ದೂರ ಹೆಚ್ಚೇನಲ್ಲ, ಆದರೆ ಅತ್ತಿಬೆಲೆ ದಾಟಿದರೆ ರಾಜ್ಯ ಬೇರೆಯಾಗುತ್ತದೆ, ಮತ್ತು ಬೇರೆ ರಾಜ್ಯಕ್ಕೆ ಜಾಬ್ ವರ್ಕಿಗೆಂದು ಕಳುಹಿಸುವ ಸರಕಿಗೆ ಅದರ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಮಾಡಲೇಬೇಕು. ಎಂಟು ಬ್ಲಾಂಕ್‌ಗಳಿಗಾಗಿ ಚಲನ್, ಬಿಲ್, ಗಾಡಿ ಎಲ್ಲವನ್ನೂ ಹೊಂದಿಸಿ, ಬಳಿಕ ಅಲ್ಲಿನ ಸರದಿಗೆ ಕಾಯುವುದಕ್ಕಿಂತ ಹಲ್ಲು ಕತ್ತರಿಸುವ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳುವುದು ಮೇಲೆಂದು ತೀರ್ಮಾನಿಸಿದೆವು. ಯಾವ ಮೆಷಿನ್ ಕೊಳ್ಳಬೇಕು ಎಂಬ ಪ್ರಶ್ನೆಗೆ ಕ್ಯಾಟಲಾಗ್‌ಗಳಿಂದ ಉತ್ತರ ಸಿಗಲಿಲ್ಲ. ಆದ್ದರಿಂದ ಒಂದೇ ಗೇರನ್ನು ಮೂರು ಬಗೆಯಲ್ಲಿ ಹತ್ತು ಹತ್ತರಂತೆ ಮಾಡಿ ಅಳೆದು ನೋಡಿದೆ.

ಪ್ರಯೋಗಕ್ಕೆ ಆಯ್ದುಕೊಂಡದ್ದು ಪ್ಯಾಕಿಂಗ್ ಮೆಷಿನ್ನಿಗೆ ಬೇಕಾಗಿದ್ದ ನೇರ ಹಲ್ಲಿನ ಗೇರ್: ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2, ಹಲ್ಲು 40, ಪ್ರೆಶರ್ ಆಂಗಲ್ (ಹಲ್ಲಿನ ಮುಖದ ಓರೆ) 20 ಡಿಗ್ರಿ, ಅಗಲ 20 ಮಿ.ಮೀ., ಬೋರ್ (ನಡುವಿನ ತೂತು) 25 ಮಿ.ಮೀ., ಲೋಹ ಇಎನ್ 8 ಎಂಬ ಉಕ್ಕು. ಹಲ್ಲಿನ ದಪ್ಪವನ್ನು ಡಿಸ್ಕ್ ಮೈಕ್ರೋಮೀಟರಿನಿಂದ ಐದು ಹಲ್ಲುಗಳನ್ನು ಒಟ್ಟಿಗೆ ಹಿಡಿದು ಅಳೆದೆ. ಈ ಗೇರಿಗೆ ಆ ಅಳತೆ ಲೆಕ್ಕದಂತೆ 27.69 ಮಿ.ಮೀ. ಬರಬೇಕು, ಬ್ಯಾಕ್‌ಲ್ಯಾಶ್‌ಗಾಗಿ, ಅಂದರೆ ಜೋಡಿ ಗೇರುಗಳ ಹಲ್ಲುಗಳ ನಡುವೆ ಬೇಕಾದ ಸಡಿಲಕ್ಕಾಗಿ, 0.04ರಿಂದ 0.05 ಮಿ.ಮೀ. ಕಡಿಮೆ ಇಟ್ಟುಕೊಳ್ಳುತ್ತೇವೆ.

ಮೊದಲನೆಯದು ನಮ್ಮಲ್ಲೇ ಇದ್ದ ಮಿಲ್ಲಿಂಗ್ ಮೆಷಿನ್ ಮತ್ತು ಡಿವೈಡಿಂಗ್ ಹೆಡ್ (ಬ್ಲಾಂಕನ್ನು ಪ್ರತಿ ಹಲ್ಲಿಗೂ ಸಮನಾಗಿ ತಿರುಗಿಸುವ ಸಾಧನ). ಹೆಡ್ಡಿನ ಅನುಪಾತ 40ಕ್ಕೆ 1 ಆದ್ದರಿಂದ 40 ಹಲ್ಲಿಗೆ ಹ್ಯಾಂಡಲ್ಲಿನ ಒಂದು ಪೂರ್ಣ ಸುತ್ತು ಸಾಕು, ತೂತಿನ ಪ್ಲೇಟಿನ ಲೆಕ್ಕವೇ ಬೇಡ. ಒಂದು ಗೇರಿಗೆ ಐವತ್ತರಿಂದ ಅರವತ್ತು ನಿಮಿಷ ಹಿಡಿಯಿತು. ಒಂದೇ ಗೇರಿನಲ್ಲಿ ಅಲ್ಲಲ್ಲಿ ಅಳೆದಾಗ ಹೆಚ್ಚುಕಡಿಮೆ 0.05 ಮಿ.ಮೀ.ವರೆಗೆ ವ್ಯತ್ಯಾಸ ಬಂತು. ಹಳೆಯ ಹೆಡ್ಡಿನ ವರ್ಮ್ ವೀಲ್ ಸವೆದಿರುವುದು ಇದಕ್ಕೆ ಒಂದು ಕಾರಣ. ಒಂದು ಮಿನಿಟ್ ಕೋನದ ತಪ್ಪು ಕೂಡ 40 ಮಿ.ಮೀ. ತ್ರಿಜ್ಯದಲ್ಲಿ ಸುಮಾರು 12 ಮೈಕ್ರಾನ್ ಆಗುತ್ತದೆ. ಇನ್ನೊಂದು ಕಾರಣ ಕಟರಿನದು, ಮತ್ತು ಅದು ಯಾರ ಕೈಚಳಕದಿಂದಲೂ ಸರಿಹೋಗುವಂಥದ್ದಲ್ಲ. ಒಂದು ಮಾಡ್ಯೂಲಿಗೆ ಬರುವ ಎಂಟು ಫಾರ್ಮ್ ಕಟರ್‌ಗಳ (ಹಲ್ಲಿನ ಸಂದಿನ ಆಕಾರವನ್ನೇ ಹೊಂದಿದ ಕಟರ್‌ಗಳ) ಸೆಟ್ಟಿನಲ್ಲಿ 35ರಿಂದ 54 ಹಲ್ಲುಗಳವರೆಗೆ ಒಂದೇ ಕಟರ್; ಅದರ ಆಕಾರ ನಿಖರವಾಗಿ ಹೊಂದುವುದು 35 ಹಲ್ಲಿನ ಗೇರಿಗೆ ಮಾತ್ರ. 40 ಹಲ್ಲಿನ ಗೇರಿನಲ್ಲಿ ಹಲ್ಲಿನ ಬಾಗು ಇರಬೇಕಾದುದಕ್ಕಿಂತ ತುಸು ಹೆಚ್ಚಾಗುತ್ತದೆ, ಆದ್ದರಿಂದ ಬ್ಲೂ (ಹಲ್ಲುಗಳು ತಾಗುವ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ ಜೋಡಿ ತಿರುಗಿಸಿದಾಗ ಬಣ್ಣ ಹಲ್ಲಿನ ನಡುವಿನ ಕಿರಿದಾದ ಪಟ್ಟಿಯಲ್ಲಷ್ಟೇ ಹತ್ತಿತು. ಹೊಸದಾಗಿ ಕೆಲಸ ಆರಂಭಿಸುವವರಿಗೆ ಇಲ್ಲೊಂದು ಎಚ್ಚರಿಕೆ ಹೇಳಬೇಕು: ಕಟರ್‌ಗಳ ಕ್ರಮಸಂಖ್ಯೆ ಎಲ್ಲ ತಯಾರಕರಲ್ಲೂ ಒಂದೇ ದಿಕ್ಕಿನಲ್ಲಿ ಇರುವುದಿಲ್ಲ, ಆದ್ದರಿಂದ ಸಂಖ್ಯೆಯನ್ನು ನಂಬದೆ ಕಟರಿನ ಮೇಲೆ ಕೊರೆದಿರುವ ಹಲ್ಲುಗಳ ವ್ಯಾಪ್ತಿಯನ್ನೇ ಓದಿ.

ಎರಡನೆಯದು ಪರಿಚಿತರೊಬ್ಬರ ವರ್ಕ್‌ಶಾಪಿನ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮೆಷಿನ್) ಮತ್ತು ಅದರ ನಾಲ್ಕನೆಯ ಅಕ್ಷದ ರೋಟರಿ ಟೇಬಲ್. ನಾನು ಕೊಳ್ಳಬೇಕೆಂದು ಹೆಚ್ಚುಕಡಿಮೆ ನಿಶ್ಚಯಿಸಿದ್ದುದು ಇದನ್ನೇ, ಏಕೆಂದರೆ ಗೇರ್ ಕೆಲಸ ಇಲ್ಲದ ದಿನಗಳಲ್ಲೂ ಅದು ದುಡಿಯುತ್ತದೆ. ಅದೇ ಫಾರ್ಮ್ ಕಟರನ್ನು ಆರ್ಬರಿಗೆ ಹಾಕಿ ಕತ್ತರಿಸಿದಾಗ ಒಂದು ಗೇರಿಗೆ ಇಪ್ಪತ್ತೈದು ನಿಮಿಷ ಸಾಕಾಯಿತು. ಐದು ಹಲ್ಲಿನ ಅಳತೆಯಲ್ಲಿ ವ್ಯತ್ಯಾಸ 0.015ಕ್ಕೆ ಇಳಿಯಿತು. ಹಲ್ಲಿನ ಬಾಗು ಮಾತ್ರ ಮಿಲ್ಲಿಂಗ್ ಮೆಷಿನ್ನಿನಲ್ಲಿ ಬಂದಂತೆಯೇ ಬಂತು. ಕಟರ್ ಅದೇ ಆಗಿರುವಾಗ ಟೇಬಲ್ ಎಷ್ಟು ನಿಖರವಾಗಿ ತಿರುಗಿದರೂ ಹಲ್ಲಿನ ಮುಖ ಬದಲಾಗುವುದಿಲ್ಲ. ಸಣ್ಣ ಬಾಲ್ ಕಟರಿನಿಂದ ಹಲ್ಲಿನ ಮೈಯನ್ನೇ ಸವರುತ್ತ ಹೋಗುವ ಪ್ರೋಗ್ರಾಮನ್ನೂ ಒಂದು ಗೇರಿನ ಮೇಲೆ ಪ್ರಯತ್ನಿಸಿದೆವು. ಅರ್ಧ ದಿನ ಕಳೆದರೂ ಮುಗಿಯದಿದ್ದಾಗ ನಿಲ್ಲಿಸಿದೆವು.

ಮೂರನೆಯದು ಹಾಬಿಂಗ್ ಮೆಷಿನ್. ಇಲ್ಲಿ ಹಾಬ್ (ಸ್ಕ್ರೂವಿನ ಎಳೆಯಂತೆ ಸುತ್ತಿದ ಹಲ್ಲುಗಳಿರುವ ಕಟರ್) ಮತ್ತು ಬ್ಲಾಂಕ್ ಎರಡೂ ಹೊಂದಾಣಿಕೆಯಿಂದ ಒಟ್ಟಿಗೆ ತಿರುಗುತ್ತವೆ: ಒಂದೆಳೆಯ ಹಾಬ್ 40 ಸುತ್ತು ತಿರುಗಿದಾಗ ನಮ್ಮ ಬ್ಲಾಂಕ್ ಒಂದು ಸುತ್ತು ತಿರುಗುತ್ತದೆ. ಈ ಒಟ್ಟು ತಿರುಗುವಿಕೆಯಿಂದಲೇ ಹಲ್ಲಿನ ಬಾಗು ಮೂಡುವುದರಿಂದ ಮಾಡ್ಯೂಲ್ 2ರ ಒಂದೇ ಹಾಬ್ 20 ಹಲ್ಲಿಗೂ 40 ಹಲ್ಲಿಗೂ 90 ಹಲ್ಲಿಗೂ ಸರಿಯಾದ ಆಕಾರ ಕೊಡುತ್ತದೆ. 70 ಮಿ.ಮೀ. ವ್ಯಾಸದ ಹೈಸ್ಪೀಡ್ ಸ್ಟೀಲ್ ಹಾಬನ್ನು ನಿಮಿಷಕ್ಕೆ 136 ಸುತ್ತಿನಲ್ಲಿ, ಅಂದರೆ 30 ಮೀಟರ್ ವೇಗದಲ್ಲಿ ಓಡಿಸಿದಾಗ ಬ್ಲಾಂಕ್ ನಿಮಿಷಕ್ಕೆ 3.4 ಸುತ್ತು ತಿರುಗುತ್ತದೆ. ಸುತ್ತಿಗೆ ಒಂದೂವರೆ ಮಿ.ಮೀ. ಫೀಡ್ ಇಟ್ಟರೆ ಒಂದು ಗೇರ್ ಏಳು ನಿಮಿಷದಲ್ಲಿ ಮುಗಿಯುತ್ತದೆ. ಐದು ಬ್ಲಾಂಕ್‌ಗಳನ್ನು ಒಂದರ ಮೇಲೊಂದು ಪೇರಿಸಿ ಕತ್ತರಿಸಿದಾಗ ಐದಕ್ಕೂ ಸೇರಿ ಇಪ್ಪತ್ತಮೂರು ನಿಮಿಷ ಸಾಕಾಯಿತು, ಏಕೆಂದರೆ ಹಾಬ್ ಒಳಹೊಗಲು ಬೇಕಾದ 17 ಮಿ.ಮೀ. ದಾರಿಯನ್ನು ಪ್ರತಿ ಗೇರಿಗೂ ಸವೆಸಬೇಕಿಲ್ಲ.

ಐದು ಹಲ್ಲಿನ ಅಳತೆ ಹತ್ತೂ ಗೇರುಗಳಲ್ಲಿ 0.01ರೊಳಗೆ ಬಂತು. ಬ್ಲೂ ಹಲ್ಲಿನ ಮುಖದ ತುಂಬ ಹತ್ತಿತು. ಆದರೂ ಜೋಡಿಯನ್ನು ಫಿಟ್ಟಿಂಗಿನಲ್ಲಿ ಹಾಕಿ ತಿರುಗಿಸಿದಾಗ ಸುತ್ತಿಗೊಮ್ಮೆ ಏರಿ ಇಳಿಯುವ ಸದ್ದು ಕೇಳಿಸಿತು. ವಿಎಂಸಿಯಲ್ಲಿ ಮಾಡಿದ ಗೇರುಗಳು ಇದಕ್ಕಿಂತ ಮೆತ್ತಗೆ ಓಡಿದವು. ಆ ದಿನವೇ ತೀರ್ಪು ಕೊಟ್ಟಿದ್ದರೆ ನಾನು ವಿಎಂಸಿಗೆ ಮುಂಗಡ ಕೊಟ್ಟುಬಿಡುತ್ತಿದ್ದೆ.

ಗೇರನ್ನು ಸೆಂಟರ್‌ಗಳ ನಡುವೆ ಹಿಡಿದು, ಪ್ರತಿ ಸಂದಿನಲ್ಲೂ 3.5 ಮಿ.ಮೀ. ಪಿನ್ ಇಟ್ಟು ಡಯಲ್ ಗೇಜ್ ಹಚ್ಚಿ ನೋಡಿದಾಗ ಕಾರಣ ಗೊತ್ತಾಯಿತು. ಹಾಬ್ ಮಾಡಿದ ಗೇರುಗಳ ಹಲ್ಲುಗಳು ತಮ್ಮ ತಮ್ಮೊಳಗೆ ಸರಿಯಾಗಿದ್ದವು, ಆದರೆ ಬೋರಿಗೆ ಹೋಲಿಸಿದರೆ 0.045 ಮಿ.ಮೀ. ಓಡಾಟವಿತ್ತು, ಅಂದರೆ ಗೇರ್ ಒಂದು ಸುತ್ತು ತಿರುಗುವಾಗ ಹಲ್ಲುಗಳು ಅಷ್ಟು ಒಳಗೆ ಹೊರಗೆ ಸರಿಯುತ್ತಿದ್ದವು. ಡಿಸ್ಕ್ ಮೈಕ್ರೋಮೀಟರ್ ಬೋರನ್ನು ನೋಡುವುದೇ ಇಲ್ಲ, ಹಲ್ಲಿನಿಂದ ಹಲ್ಲಿಗೆ ಮಾತ್ರ ಅಳೆಯುತ್ತದೆ; ಆದ್ದರಿಂದ ಬ್ಲಾಂಕ್ ಕೇಂದ್ರ ತಪ್ಪಿ ಕುಳಿತಿದ್ದರೆ ಅದಕ್ಕೆ ತಿಳಿಯುವುದಿಲ್ಲ. ನಮ್ಮ ಬೋರ್ 25.018 ಇತ್ತು, ಹಾಬಿಂಗ್ ಮೆಷಿನ್ನಿಗೆ ಕೊಟ್ಟಿದ್ದ ಮ್ಯಾಂಡ್ರಿಲ್ (ಬ್ಲಾಂಕನ್ನು ಬೋರಿನಲ್ಲಿ ಹಿಡಿಯುವ ಶಾಫ್ಟ್) 24.985. ನಡುವಿನ 33 ಮೈಕ್ರಾನ್ ಸಡಿಲವೇ ಹೆಚ್ಚುಕಡಿಮೆ ಹಾಗೆಯೇ ಗೇರಿನ ಓಡಾಟವಾಗಿ ಇಳಿದಿತ್ತು, ಉಳಿದದ್ದು ಮ್ಯಾಂಡ್ರಿಲ್ಲಿನದೇ. ವಿಎಂಸಿಯಲ್ಲಿ ಬ್ಲಾಂಕ್ ಹಿಡಿದದ್ದು ಬೋರನ್ನು ಒಳಗಿನಿಂದ ಅಗಲಿಸಿ ಹಿಡಿಯುವ ಒಳ್ಳೆಯ ಮ್ಯಾಂಡ್ರಿಲ್ಲಿನಲ್ಲಿ. ನಾನು ಎರಡು ಮೆಷಿನ್‌ಗಳನ್ನು ಹೋಲಿಸುತ್ತಿದ್ದೇನೆಂದು ತಿಳಿದಿದ್ದೆ, ನಿಜವಾಗಿ ಹೋಲಿಸಿದ್ದು ಎರಡು ಮ್ಯಾಂಡ್ರಿಲ್‌ಗಳನ್ನು.

ಆದ್ದರಿಂದ 25.000, 25.008 ಮತ್ತು 25.016 ಅಳತೆಯ ಮೂರು ಮ್ಯಾಂಡ್ರಿಲ್‌ಗಳನ್ನು ಗ್ರೈಂಡಿಂಗ್ ಮಾಡಿಸಿ, ಬೋರಿನ ಅಳತೆಗೆ ತಕ್ಕಂತೆ ಬ್ಲಾಂಕ್‌ಗಳನ್ನು ವಿಂಗಡಿಸಿದೆ. ಬೋರನ್ನೂ ಒಂದು ಮುಖವನ್ನೂ ಲೇತಿನಲ್ಲಿ ಒಂದೇ ಹಿಡಿತದಲ್ಲಿ ಮುಗಿಸುವಂತೆ ನಮ್ಮ ಟರ್ನರ್‌ಗೆ ಹೇಳಿದೆ, ಏಕೆಂದರೆ ಮುಖ ಬೋರಿಗೆ ಲಂಬವಾಗಿ ಇಲ್ಲದಿದ್ದರೆ ನಟ್ ಬಿಗಿದ ಕೂಡಲೇ ಮ್ಯಾಂಡ್ರಿಲ್ಲೇ ಬಾಗುತ್ತದೆ, ಪೇರಿಸಿದ ಬ್ಲಾಂಕ್‌ಗಳು ಹೆಚ್ಚಾದಷ್ಟೂ ಬಾಗು ಹೆಚ್ಚುತ್ತದೆ. ಹಾಬಿನ ಎರಡೂ ತುದಿಯ ಕಾಲರ್‌ಗಳಿಗೆ ಡಯಲ್ ಹಚ್ಚಿ ನೇರ ಮಾಡಿಸಿದೆ. ಎರಡನೆಯ ಹತ್ತು ಗೇರುಗಳಲ್ಲಿ ಓಡಾಟ 0.015ಕ್ಕೆ ಇಳಿಯಿತು, ಸದ್ದು ಹೋಯಿತು. ಇದೇ ಮ್ಯಾಂಡ್ರಿಲ್‌ಗಳನ್ನು ಮಿಲ್ಲಿಂಗ್ ಮೆಷಿನ್ನಿಗೂ ಬಳಸಿ ನೋಡಿದೆ. ಡಿವೈಡಿಂಗ್ ಹೆಡ್ಡಿನ ಗೇರುಗಳೂ ಸ್ವಲ್ಪ ಸುಧಾರಿಸಿದವು, ಆದರೆ ಹಲ್ಲಿನ ಆಕಾರದ ಕೊರತೆ ಉಳಿಯಿತು.

ಇಷ್ಟಾದ ಮೇಲೆ ಕೊಂಡದ್ದು ಸೆಕೆಂಡ್‌ಹ್ಯಾಂಡ್ ಹಾಬಿಂಗ್ ಮೆಷಿನ್ನನ್ನು. ಕೊಳ್ಳುವಾಗ ಬಣ್ಣವನ್ನು ನೋಡಲಿಲ್ಲ. ಟೇಬಲ್ಲನ್ನು ಕೈಯಿಂದ ಅಲುಗಿಸಿ ವರ್ಮ್ ವೀಲ್ ಸಡಿಲವನ್ನು ಸುತ್ತಿನ ಎಂಟು ಕಡೆ ಡಯಲ್ಲಿನಿಂದ ಅಳೆದೆ, ಚೇಂಜ್ ಗೇರುಗಳನ್ನು (ಕತ್ತರಿಸುವ ಹಲ್ಲಿನ ಸಂಖ್ಯೆಗೆ ತಕ್ಕಂತೆ ಮೆಷಿನ್ನಿನಲ್ಲಿ ಬದಲಿಸುವ ಗೇರುಗಳನ್ನು) ಒಂದೊಂದಾಗಿ ಎಣಿಸಿದೆ, ಡಿಫರೆನ್ಶಿಯಲ್ ಸರಿಯಿದೆಯೇ ಎಂದು ಒಂದು ಓರೆ ಹಲ್ಲಿನ ಗೇರನ್ನು ಕತ್ತರಿಸಿಯೇ ಒಪ್ಪಿದೆ. ಚೇಂಜ್ ಗೇರಿನ ಸೆಟ್ಟಿನಲ್ಲಿ ಕೊರತೆಯಿದ್ದರೆ ಬೆಲೆ ಎಷ್ಟು ಕಡಿಮೆಯಾದರೂ ಅಂಥ ಮೆಷಿನ್ ಬೇಡ. ಇದರ ದೊಡ್ಡ ಮಿತಿ ಎಂದರೆ ಹಲ್ಲಿನ ಪಕ್ಕದಲ್ಲೇ ದೊಡ್ಡ ಭುಜವಿರುವ ಗೇರುಗಳನ್ನೂ ಒಳಹಲ್ಲಿನ ಗೇರುಗಳನ್ನೂ ಇಲ್ಲಿ ಮಾಡಲಾಗದು. ಅವುಗಳಿಗೆ ಗೇರ್ ಶೇಪರ್ ಬೇಕು, ನಾವು ಅವನ್ನು ಈಗಲೂ ಹೊರಗೆ ಕಳುಹಿಸುತ್ತೇವೆ. ಡಿವೈಡಿಂಗ್ ಹೆಡ್ ಕೂಡ ಮೂಲೆ ಸೇರಿಲ್ಲ. ಹಲ್ಲು ಮುರಿದ ಒಂದೇ ಒಂದು ಗೇರನ್ನು ತಂದು ಸಂಜೆಗೆ ಬೇಕೆನ್ನುವವರಿಗೆ, ಹಾಬ್ ಇಲ್ಲದ ಮಾಡ್ಯೂಲಾದರೆ, ಅದೇ ಗತಿ.

ಪುಲ್ಲಿಗಳ ವಿಷಯದಲ್ಲಿ ಲೆಕ್ಕ ಬೇರೆ. ವಿ-ಬೆಲ್ಟ್ ಪುಲ್ಲಿಗೆ ಲೇತ್ ಸಾಕು; ಬಿ ಸೆಕ್ಷನ್ನಿನಲ್ಲಿ ಪುಲ್ಲಿಯ ವ್ಯಾಸ 190 ಮಿ.ಮೀ.ವರೆಗಿದ್ದರೆ ಗ್ರೂವಿನ ಕೋನ 34 ಡಿಗ್ರಿ, ಅದಕ್ಕಿಂತ ದೊಡ್ಡದಕ್ಕೆ 38 ಡಿಗ್ರಿ ಎಂಬುದನ್ನು ಮರೆಯದಿದ್ದರಾಯಿತು. ಹಲ್ಲುಳ್ಳ ಬೆಲ್ಟಿನ ಟೈಮಿಂಗ್ ಪುಲ್ಲಿಯಲ್ಲಿ ನಾನು ಹೋಲಿಸಿದ್ದು 5ಎಂ (5 ಮಿ.ಮೀ. ಪಿಚ್ಚಿನ) ಬೆಲ್ಟಿನ, 30 ಹಲ್ಲಿನ ಅಲ್ಯೂಮಿನಿಯಂ ಪುಲ್ಲಿಯನ್ನು. ಅದರ ಪಿಚ್ ವ್ಯಾಸ 47.75, ಹೊರ ವ್ಯಾಸ 46.60 ಮಿ.ಮೀ. ವಿಎಂಸಿಯಲ್ಲಿ ಎರಡೂವರೆ ಮಿ.ಮೀ. ಕಟರಿನಿಂದ 17 ಮಿ.ಮೀ. ಆಳ ಕತ್ತರಿಸಿದಾಗ ಕಟರ್ ಬಾಗಿ ಸಂದುಗಳು ಕೆಳಗೆ ಕಿರಿದಾದವು, ಬೆಲ್ಟ್ ಒಂದು ಬದಿಗೆ ಸರಿಯಿತು. ವೈರ್‌ಕಟ್ಟಿನಲ್ಲಿ (ತೆಳು ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವ ಮೆಷಿನ್ನಿನಲ್ಲಿ) ಆಕಾರ ಬಹಳ ಚೆನ್ನಾಗಿ ಬಂತು, ಬೋರಿನಲ್ಲಿ ಕೀ ಕೂರುವ ಸಂದಾದ ಕೀವೇಯನ್ನೂ ಅದೇ ಸೆಟ್ಟಿಂಗಿನಲ್ಲಿ ಮುಗಿಸಲಾಯಿತು, ಆದರೆ ಒಂದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕಾಯಿತು. ಪುಲ್ಲಿ ಹಾಬ್ ಹೊರ ವ್ಯಾಸವನ್ನೂ ತಾನೇ ಸವರಿ ಸರಿಮಾಡುವುದರಿಂದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಗೇರ್ ಹಾಬಿನಂತೆ ಇದು ಎಲ್ಲ ಹಲ್ಲಿನ ಸಂಖ್ಯೆಗೂ ನಡೆಯುವುದಿಲ್ಲ, ಹಲ್ಲಿನ ಸಂಖ್ಯೆಯ ವ್ಯಾಪ್ತಿಗೆ ತಕ್ಕಂತೆ ಬೇರೆ ಬೇರೆ ಹಾಬ್ ಕೊಳ್ಳಬೇಕು. ಆದ್ದರಿಂದ ಇಪ್ಪತ್ತಕ್ಕಿಂತ ಕಡಿಮೆ ಪುಲ್ಲಿಗಳ ಆರ್ಡರನ್ನು ಇಂದಿಗೂ ವೈರ್‌ಕಟ್ಟಿಗೆ ಕೊಡುತ್ತೇನೆ, ಮತ್ತೆ ಮತ್ತೆ ಬರುವ ಅಳತೆಗೆ ಮಾತ್ರ ಹಾಬ್ ತರಿಸುತ್ತೇನೆ.