ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ: ಹಲವು ವರ್ಷ ಹಸು ಹೊಡೆದುಕೊಂಡು ಹೋದವಳ ವಿಮರ್ಶೆ

ಹಸುವಿಗೆ ಹುಷಾರಿಲ್ಲ, ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬಹುದೇ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಇಡೀ ದಿನ ಕೊಡಲು ಸಿದ್ಧರಿದ್ದೀರಾ? ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಗೂಡ್ಸ್ ಆಟೋ ಹಿಡಿದು, ಹಸುವನ್ನು ಹತ್ತಿಸಿ, ಚೀಟಿ ಮಾಡಿಸಿ, ಸರದಿ ಕಾದು ತಿರುಗಿ ಮನೆ ಸೇರುವಷ್ಟರಲ್ಲಿ ಸಂಜೆಯ ಹಾಲು ಕರೆಯುವ ಹೊತ್ತಾಗಿರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಈ ಆಸ್ಪತ್ರೆಯನ್ನು ಬಹಳ ಹೊಗಳಲಿದ್ದೇನೆ.

ಬೀದರ್‌ನಲ್ಲಿ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳು ರಾಜ್ಯದ ಹಲವು ಕಡೆ ಇವೆ. ಹೆಬ್ಬಾಳದ ಕಾಲೇಜು 1958ರಷ್ಟು ಹಳೆಯದು. ಬೀದರ್, ಶಿವಮೊಗ್ಗ, ಹಾಸನದವು ಆಮೇಲೆ ಬಂದವು. ನಾನು ಹೋಗುವುದು ಯಾವುದಕ್ಕೆ ಎಂದು ಬರೆಯುವುದಿಲ್ಲ. ನನಗೆ ದೂರುಗಳೂ ಇವೆ, ಅವು ಅಲ್ಲಿ ಮೈಮುರಿದು ದುಡಿಯುವ ಯಾರೊಬ್ಬರ ತಲೆಗೂ ಸುತ್ತಿಕೊಳ್ಳುವುದು ನನಗೆ ಬೇಡ. ಸಮಯ, ಶುಲ್ಕ, ವಿಭಾಗಗಳ ವಿವರ ಅಲ್ಲಿನ ಫಲಕದಲ್ಲೇ ಇರುತ್ತದೆ, ನೋಡಿಕೊಳ್ಳಿ. ನಮ್ಮದು ನಾಲ್ಕು ಮಿಶ್ರತಳಿ ಹಸು, ಒಂದು ಕಡಸು, ಒಂದು ನಾಯಿ ಇರುವ ಮನೆ. ಹಾಲಿನ ದುಡ್ಡಿನಲ್ಲೇ ಮೇವು, ಹಿಂಡಿ, ಮಕ್ಕಳ ಫೀಸು ಎಲ್ಲವೂ ನಡೆಯಬೇಕು. ಆ ಲೆಕ್ಕ ಇಟ್ಟುಕೊಂಡೇ ನನ್ನ ಅಭಿಪ್ರಾಯವನ್ನು ಓದಿ.

ಆರಂಭದ ದಿನಗಳಲ್ಲಿ ನನಗೆ ಅಲ್ಲಿ ತಡೆಯಲಾಗದೆ ಹೋದದ್ದು ಪ್ರಶ್ನೆಗಳು. ಹಸುವನ್ನು ಕಬ್ಬಿಣದ ಚೌಕಟ್ಟಿನೊಳಗೆ ಕಟ್ಟಿದ ಕೂಡಲೇ ಏಪ್ರನ್ ತೊಟ್ಟ, ಗಂಬೂಟು ಹಾಕಿದ ಹುಡುಗ ಹುಡುಗಿಯರು ಸುತ್ತ ನೆರೆಯುತ್ತಾರೆ. ಎಷ್ಟನೆಯ ಕರು? ಕರು ಹಾಕಿ ಎಷ್ಟು ದಿನ? ಸತ್ತೆ, ಅಂದರೆ ಮಾಸು, ಸರಿಯಾಗಿ ಬಿತ್ತೇ? ಬೆದೆಗೆ ಬಂದದ್ದು ಯಾವಾಗ? ಹಾಲು ಒಮ್ಮೆಗೇ ಇಳಿಯಿತೇ, ದಿನದಿನಕ್ಕೆ ಇಳಿಯಿತೇ? ಸಗಣಿ ಗಟ್ಟಿಯೇ, ನೀರೇ, ಬಣ್ಣ ಯಾವುದು? ಮೇವು ಬದಲಾಯಿಸಿದಿರಾ? ಜಂತುಹುಳುವಿನ ಔಷಧ ಕುಡಿಸಿದ್ದು ಯಾವಾಗ? ಇಲ್ಲಿಗೆ ಬರುವ ಮೊದಲು ಯಾರಿಂದ ಯಾವ ಇಂಜೆಕ್ಷನ್ ಹಾಕಿಸಿದಿರಿ? ಒಬ್ಬ ಕೇಳಿ ಬರೆದುಕೊಂಡದ್ದನ್ನೇ ಇನ್ನೊಬ್ಬಳು ಕೇಳುತ್ತಾಳೆ. ಒಬ್ಬ ಥರ್ಮಾಮೀಟರ್ ಇಟ್ಟು ತೆಗೆದರೆ ಇನ್ನೊಬ್ಬ ಬಾಲದ ಬುಡದಲ್ಲಿ ನಾಡಿ ಹಿಡಿಯುತ್ತಾನೆ, ಮತ್ತೊಬ್ಬಳು ಎಡಪಕ್ಕೆಗೆ ಕಿವಿಗೊಟ್ಟು ನಿಲ್ಲುತ್ತಾಳೆ. ಊರಿಗೆ ಬೈಕಿನಲ್ಲಿ ಬರುವವರು ಹಸುವನ್ನು ದೂರದಿಂದ ನೋಡಿಯೇ ಎರಡು ಇಂಜೆಕ್ಷನ್ ಕೊಟ್ಟು ಹಣ ಎಣಿಸಿಕೊಂಡು ಹೋಗುತ್ತಿದ್ದರು. ಅದಕ್ಕೆ ಒಗ್ಗಿದ ನನಗೆ ಇದು ನಮ್ಮ ದನದ ಮೇಲೆ ಪಾಠ ಕಲಿಯುವ ಕೆಲಸ ಎನಿಸಿ ಸಿಟ್ಟು ಬರುತ್ತಿತ್ತು.

ಆ ಸಿಟ್ಟು ಇಳಿದದ್ದು ಗೌರಿಯ ಪ್ರಕರಣದಲ್ಲಿ. ಗೌರಿ ನಮ್ಮ ದೊಡ್ಡ ಹಸು. ಮೇವು ಮುಟ್ಟಿದಂತೆ ಮಾಡಿ ಬಿಡುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಹಾಲು ಅರ್ಧಕ್ಕೆ ಬಂದಿತ್ತು. ಊರಿನಲ್ಲಿ ಅಜೀರ್ಣಕ್ಕೆ, ಜ್ವರಕ್ಕೆ ಮದ್ದು ಆಗಿತ್ತು. ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿನಿ ಗೌರಿಯ ಮುಂಗಾಲುಗಳನ್ನೇ ನೋಡುತ್ತಾ ನಿಂತಳು. ಮೊಣಕೈ ಹೊರಚಾಚಿಕೊಂಡು, ಬೆನ್ನು ಬಿಲ್ಲಿನಂತೆ ಎತ್ತಿಕೊಂಡು ನಿಂತಿತ್ತು ಹಸು. ಅದನ್ನು ಅಂಗಳದ ಇಳಿಜಾರಿನಲ್ಲಿ ನಡೆಸಿ ನೋಡಿದರು. ಏರಿತು, ಇಳಿಯಲು ಒಪ್ಪಲಿಲ್ಲ. ಆಮೇಲೆ ಇಬ್ಬರು ಹುಡುಗರು ಎದೆಯ ಕೆಳಗೆ ಬಿದಿರ ಗಳು ಅಡ್ಡಹಿಡಿದು ನಿಧಾನವಾಗಿ ಎತ್ತಿ ಥಟ್ಟನೆ ಬಿಟ್ಟರು. ಗೌರಿ ನರಳಿತು. "ಹೇಳಮ್ಮ, ಏನು ಕೇಳಿಸಿತು?" ಎಂದು ಪ್ರಾಧ್ಯಾಪಕರು ಆ ಹುಡುಗಿಯನ್ನು ಕೇಳಿದರು. "ತಂತಿ ಇರಬಹುದು ಸರ್" ಎಂದಳು. ಎಕ್ಸ್‌ರೇ ತೆಗೆದಾಗ ತಂತಿಯೇ ಇತ್ತು.

ಹಸು ಮೇವನ್ನು ಅರೆಬರೆ ಅಗಿದು ನುಂಗುತ್ತದೆ, ನಿಧಾನವಾಗಿ ಅಗಿಯುವುದು ಆಮೇಲೆ ಮೆಲುಕು ಹಾಕುವಾಗ. ಮೇವಿನೊಡನೆ ಹೋದ ಮೊಳೆ, ತಂತಿಯ ತುಂಡು ಭಾರಕ್ಕೆ ಎರಡನೆಯ ಹೊಟ್ಟೆಯಲ್ಲಿ, ಜೇನುಗೂಡಿನಂತೆ ಕಾಣುವ ಆ ಚಿಕ್ಕ ಚೀಲದಲ್ಲಿ ಕೂರುತ್ತದೆ. ಆ ಚೀಲ ಹಿಂಡಿದಾಗಲೆಲ್ಲ ತಂತಿ ಮುಂದಕ್ಕೆ ಚುಚ್ಚುತ್ತದೆ. ಅಲ್ಲಿಂದ ಮುಂದೆ ಹೊಟ್ಟೆಗೂ ಎದೆಗೂ ನಡುವಿನ ಪರದೆಯಾದ ವಪೆ, ವಪೆಯಾಚೆ ಹೃದಯ. ಇದನ್ನು ನನಗೆ ಬಿಡಿಸಿ ಹೇಳಿದ್ದು ಪ್ರಾಧ್ಯಾಪಕರಲ್ಲ, ಅವರು ಪ್ರಶ್ನೆ ಕೇಳುತ್ತಿದ್ದ ವಿದ್ಯಾರ್ಥಿಗಳು. ಅವರು ಉತ್ತರ ಒಪ್ಪಿಸುತ್ತಿದ್ದರು, ಹಗ್ಗ ಹಿಡಿದು ನಿಂತ ನಾನು ಕೇಳಿಸಿಕೊಳ್ಳುತ್ತಿದ್ದೆ. ಶಸ್ತ್ರಚಿಕಿತ್ಸೆಯೂ ನನ್ನ ಕಣ್ಣೆದುರೇ ಆಯಿತು. ಹಸುವನ್ನು ಮಲಗಿಸಲಿಲ್ಲ, ಪ್ರಜ್ಞೆ ತಪ್ಪಿಸಲಿಲ್ಲ. ಎಡಪಕ್ಕೆಯ ಕೂದಲು ಬೋಳಿಸಿ, ಆ ಜಾಗ ಮಾತ್ರ ಮರಗಟ್ಟುವಂತೆ ಮಾಡಿ, ನಿಂತ ಹಸುವಿನ ಹೊಟ್ಟೆ ತೆರೆದರು. ಭುಜದವರೆಗೆ ಕೈಗವಸು ಹಾಕಿದ ವೈದ್ಯರು ಮೊದಲು ಬಾಚಿ ತೆಗೆದದ್ದು ಪ್ಲಾಸ್ಟಿಕ್: ಹೋಟೆಲಿನ ಕವರು, ಹಾಲಿನ ಪ್ಯಾಕೆಟ್ಟು, ನೈಲಾನ್ ಹಗ್ಗದ ಉಂಡೆ. ಒಂದು ಬಕೆಟ್ ತುಂಬಿತು. ತಂತಿ ಸಿಕ್ಕಿದ್ದು ಕೊನೆಯಲ್ಲಿ. ಹೊಲಿಗೆ ಮುಗಿದ ಮೇಲೆ, ಆರೋಗ್ಯವಾಗಿದ್ದ ಇನ್ನೊಂದು ಹಸುವಿನ ಹೊಟ್ಟೆಯ ರಸ ತಂದು ಗೌರಿಗೆ ಕುಡಿಸಿದರು. ಮೇವನ್ನು ಕೊಳೆಸಿ ಅರಗಿಸುವ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆಯಂತೆ, ಹೆಪ್ಪು ಹಾಕಿ ಮೊಸರು ಮಾಡಿದ ಹಾಗೆ.

ಅಂದಿನಿಂದ ನನಗೆ ಆ ಪ್ರಶ್ನೆಗಳ ರುಚಿ ಹತ್ತಿತು. ಪ್ರತಿ ಪ್ರಶ್ನೆಯ ಹಿಂದೆಯೂ ಏನಿದೆ ಎಂದು ತಿರುಗಿ ಕೇಳತೊಡಗಿದೆ, ಯಾರೂ ಬೇಸರಿಸಲಿಲ್ಲ. ಮೊದಲು ಕೊಟ್ಟ ಇಂಜೆಕ್ಷನ್ ಯಾವುದು ಎಂದು ಅಷ್ಟು ಒತ್ತಿ ಕೇಳುವುದೇಕೆ ಎಂದಾಗ ಒಬ್ಬ ಹುಡುಗ ಡೈಕ್ಲೋಫೆನಾಕ್ ಕತೆ ಹೇಳಿದ. ದನಗಳಿಗೆ ಆ ನೋವುನಿವಾರಕ ಕೊಟ್ಟು, ಆ ದನ ಸತ್ತು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾವಿರಗಟ್ಟಲೆ ಸತ್ತವು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನೇ ಸರ್ಕಾರ ನಿಷೇಧಿಸಿತು. ನಮ್ಮ ಕೊಟ್ಟಿಗೆಯ ಒಂದು ಸೂಜಿಗೂ ರಾಮನಗರದ ಬೆಟ್ಟದ ಹದ್ದಿಗೂ ಇಷ್ಟು ಹತ್ತಿರದ ನಂಟಿದೆ ಎಂದು ನನಗೆ ಬೇರೆ ಯಾರು ಹೇಳುತ್ತಿದ್ದರು?

ಈಗ ನನ್ನ ಬೆಳಗು ಆರಂಭವಾಗುವುದೇ ಅಲ್ಲಿ ಕಲಿತ ಕೆಲಸಗಳಿಂದ. ಕೊಟ್ಟಿಗೆಯ ದೀಪ ಹಾಕಿ, ಸಗಣಿ ಬಾಚುವ ಮೊದಲು ಪ್ರತಿ ಹಸುವಿನ ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಊರಿ ನಿಲ್ಲುತ್ತೇನೆ. ಒಳಗಿನ ಹೊಟ್ಟೆ ನಿಧಾನವಾಗಿ ಉಬ್ಬಿ ಬಂದು ಕೈಯನ್ನು ಹೊರಕ್ಕೆ ತಳ್ಳುತ್ತದೆ, ಮತ್ತೆ ಇಳಿಯುತ್ತದೆ. ಎರಡು ನಿಮಿಷದಲ್ಲಿ ಎರಡು ಮೂರು ಸಲ ಹಾಗೆ ಬಂದರೆ ಹಸು ಚೆನ್ನಾಗಿದೆ. ಆ ಎರಡು ನಿಮಿಷ ಹಸುವೂ ಅಲುಗದೆ ನಿಲ್ಲುತ್ತದೆ, ಅದಕ್ಕೂ ಅಭ್ಯಾಸವಾಗಿದೆ. ಆಮೇಲೆ ಮೂಗು ಒದ್ದೆಯಾಗಿದೆಯೇ ಎಂದು ನೋಡುತ್ತೇನೆ, ಕಿವಿಯ ಬುಡ ಮುಟ್ಟಿ ಬಿಸಿ ತಣ್ಣಗೆ ತಿಳಿಯುತ್ತೇನೆ. ಅನುಮಾನ ಬಂದರೆ ಮಾತ್ರ ಥರ್ಮಾಮೀಟರ್, 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಕೆಚ್ಚಲು ತೊಳೆದು ಒರೆಸಿ, ಪ್ರತಿ ಮೊಲೆಯ ಮೊದಲ ನಾಲ್ಕಾರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡುತ್ತೇನೆ. ಕಪ್ಪಿನ ಮೇಲೆ ಹಾಲಿನ ಗರಣೆ ಥಟ್ಟನೆ ಕಾಣುತ್ತದೆ, ಕೆಚ್ಚಲು ಬಾವು ಊದಿ ಕಲ್ಲಾಗುವ ಮೊದಲೇ ಗೊತ್ತಾಗುತ್ತದೆ. ಕರೆದಾದ ಮೇಲೆ ಹಸಿ ಹುಲ್ಲು ಹಾಕಿ ಅರ್ಧ ಗಂಟೆ ಮಲಗಗೊಡುವುದಿಲ್ಲ, ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಇದೆಲ್ಲವೂ ಖರ್ಚಿಲ್ಲದ ಕೆಲಸ, ಆದರೆ ಇದರಿಂದ ಆಸ್ಪತ್ರೆಯ ದಾರಿ ಎಷ್ಟೋ ಸಲ ತಪ್ಪಿದೆ.

ಕಾಯುವ ಜಾಗದ ಬಗ್ಗೆಯೂ ಹೇಳಬೇಕು. ಮರದ ನೆರಳು, ಸಿಮೆಂಟಿನ ಕಟ್ಟೆ, ನೀರಿನ ತೊಟ್ಟಿ, ಅಷ್ಟೇ ಸೌಕರ್ಯ. ಆದರೆ ಅಲ್ಲಿ ಸೇರುವ ಜನ ಬೇರೆಲ್ಲೂ ಹಾಗೆ ಒಟ್ಟಿಗೆ ಕೂರುವುದನ್ನು ನಾನು ಕಂಡಿಲ್ಲ. ಕಾಲು ಮುರಿದ ಮೇಕೆಯನ್ನು ತೊಡೆಯ ಮೇಲಿಟ್ಟುಕೊಂಡ ಕುರಿಗಾಹಿಯ ಪಕ್ಕದಲ್ಲಿ ಮುದಿ ನಾಯಿಯನ್ನು ಕಾರಿನಲ್ಲಿ ತಂದ ನಗರದ ದಂಪತಿ. ಪಾರ್ವೋ ಎಂಬ ವಾಂತಿಭೇದಿಯ ರೋಗ ತಗಲಿದ ನಾಯಿಮರಿಯ ಡ್ರಿಪ್ ಬಾಟಲಿ ಹಿಡಿದು ನಿಂತ ಕಾಲೇಜು ಹುಡುಗನಿಗೆ ಯಾರೋ ಅಜ್ಜಿ ತಮ್ಮ ಬುತ್ತಿಯ ಚಪಾತಿ ಕೊಡುತ್ತಾರೆ. ಎಮ್ಮೆ ಒದೆಯುವಾಗ ಹಿಡಿಯಲು ಗುರುತಿಲ್ಲದವರೂ ಎದ್ದು ಬರುತ್ತಾರೆ. "ಅಕ್ಕಾ, ಇದಕ್ಕೆ ಉಣ್ಣೆ ಕಚ್ಚಿ ಬರುವ ಜ್ವರ ಅಂದರು, ನಿಮ್ಮದಕ್ಕೂ ಹೀಗೇ ಆಗಿತ್ತೇ?" ಎಂದು ಕೇಳುತ್ತಾ ಪರಿಚಯವಾದವರು ಈಗ ನಮ್ಮ ಮನೆಯ ಮದುವೆಗೂ ಬರುತ್ತಾರೆ. ಹೊರರಾಜ್ಯದಿಂದ ಓದಲು ಬಂದ ಮಕ್ಕಳಿಗೆ ಅರ್ಧ ಕನ್ನಡ ಕಲಿಸಿದವರು ಈ ಕಟ್ಟೆಯ ಮೇಲೆ ಕೂತವರೇ.

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಈ ಪರಿಚಯಗಳೇ ನಮ್ಮನ್ನು ಕಾಪಾಡಿದವು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ, ಹಸುಗಳನ್ನು ಇಲ್ಲಿಗೆ ತರಬೇಡಿ, ಕೊಟ್ಟಿಗೆಯಲ್ಲಿ ಸಂಜೆ ಬೇವಿನ ಹೊಗೆ ಹಾಕಿ, ಗಂಟು ಎದ್ದದ್ದನ್ನು ಬೇರೆ ಕಟ್ಟಿ ಎಂಬ ಮಾತು ಫೋನಿನಿಂದ ಫೋನಿಗೆ ದಾಟಿತು. ಮೇಕೆ ಸಿಡುಬಿನ ಲಸಿಕೆಯನ್ನು ಹಸುವಿಗೆ ಹಾಕುತ್ತಾರೆಂದು ಊರಿನಲ್ಲಿ ಹಲವರು ಹೆದರಿದ್ದರು. ಎರಡೂ ರೋಗದ್ದು ಒಂದೇ ಕುಲದ ವೈರಾಣು, ಅದಕ್ಕೇ ಇದು ಕೆಲಸ ಮಾಡುತ್ತದೆ ಎಂದು ಕಟ್ಟೆಯ ಪರಿಚಯದ ವಿದ್ಯಾರ್ಥಿಯೊಬ್ಬ ಹೇಳಿದ್ದನ್ನು ನಾನು ಮನೆಮನೆಗೆ ಹೋಗಿ ಹೇಳಿದೆ.

ಇನ್ನು ದೂರು. ನನ್ನ ದೊಡ್ಡ ದೂರು, ಅಲ್ಲಿ ಯಾರೂ ಉಳಿಯುವುದಿಲ್ಲ ಎಂಬುದು. ಪಶುವೈದ್ಯಕೀಯ ಪದವಿ ಐದೂವರೆ ವರ್ಷದ್ದು, ಅದರ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಆ ವರ್ಷವೂ ಅವರು ವಿಭಾಗದಿಂದ ವಿಭಾಗಕ್ಕೆ ಸುತ್ತುತ್ತಿರುತ್ತಾರೆ. ಗೌರಿಯ ಮುಂಗಾಲು ನೋಡಿಯೇ ತಂತಿ ಹಿಡಿದ ಆ ಹುಡುಗಿ, ಹೊಲಿಗೆ ಬಿಚ್ಚಿಸಲು ಹೋದಾಗ ಆ ವಿಭಾಗದಲ್ಲಿರಲಿಲ್ಲ. ಮುಂದಿನ ವರ್ಷ ಕಾಲೇಜಿನಲ್ಲೇ ಇರಲಿಲ್ಲ. ಹೊಸಬರಿಗೆ ಎಷ್ಟನೆಯ ಕರು ಎಂಬಲ್ಲಿಂದ ಪುರಾಣ ಶುರುಮಾಡಬೇಕು. ಹಳೆಯ ಕೇಸ್ ಶೀಟು ಎಲ್ಲೋ ಕಪಾಟಿನಲ್ಲಿದೆ, ಸಂಖ್ಯೆ ಹೇಳಿದರೆ ಹುಡುಕುತ್ತಾರೆ, ಬೇಗ ಸಿಕ್ಕುವುದಿಲ್ಲ. ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ನೇತಾಡುತ್ತಿದೆ. ಆ ಸಂಖ್ಯೆ ಒತ್ತಿದರೆ ಹಿಂದಿನ ಚಿಕಿತ್ಸೆಯೆಲ್ಲ ಎದುರಿಗೆ ಬರಬಾರದೇಕೆ? ಪ್ರೀತಿಯಿಂದ ನೋಡಿ ಕಲಿತದ್ದೆಲ್ಲ ಆ ಮಕ್ಕಳ ಜೊತೆಗೇ ಗೇಟು ದಾಟಿ ಹೋಗುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎರಡನೆಯದು ರಾತ್ರಿ. ಹಾಲುಜ್ವರ ಬರುವುದು ಹೆಚ್ಚಾಗಿ ಕರು ಹಾಕಿದ ಎರಡು ಮೂರು ದಿನದೊಳಗೆ, ಅದು ಹೊತ್ತು ನೋಡಿ ಬರುವುದಿಲ್ಲ. ರಕ್ತದಲ್ಲಿ ಸುಣ್ಣದಂಶ ಕುಸಿದು ಹಸು ಕತ್ತು ಪಕ್ಕೆಗೆ ಹೊರಳಿಸಿ ಮಲಗಿತೆಂದರೆ ಅದನ್ನು ಆಟೋಗೆ ಹತ್ತಿಸುವ ಮಾತೇ ಇಲ್ಲ. ಅಂಥ ರಾತ್ರಿ ನಮಗೆ ಕಾಲೇಜಿನ ಕಡೆ ಫೋನ್ ಎತ್ತುವವರು ಸಿಗಲಿಲ್ಲ. ಬಂದವರು ಹೋಬಳಿಯ ಸರ್ಕಾರಿ ಪಶುವೈದ್ಯರು. ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತಾ, ಇನ್ನೊಂದು ಕೈಯಲ್ಲಿ ಎದೆಬಡಿತ ಕೇಳುತ್ತಾ ಕೂತರು. ಬೇಗ ಬಿಟ್ಟರೆ ಹೃದಯ ನಿಲ್ಲಬಹುದು. ಬಾಟಲಿ ಮುಗಿಯುವ ಮೊದಲೇ ಹಸು ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ಆದ್ದರಿಂದ ಕಾಲೇಜಿನ ಆಸ್ಪತ್ರೆಯನ್ನು ನಂಬಿ ಊರ ವೈದ್ಯರ ನಂಬರ್ ಅಳಿಸಬೇಡಿ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಒತ್ತಬಹುದು, ಅದೂ ಫೋನಿನಲ್ಲಿರಲಿ.

ಖರ್ಚು: ಚೀಟಿಗೆ ಕೊಡುವುದು ಅಲ್ಪ, ಆಟೋ ಬಾಡಿಗೆಯೇ ನಿಜವಾದ ಖರ್ಚು. ಪಕ್ಕದ ಊರಿನವರ ಜೊತೆ ಮಾತಾಡಿಕೊಂಡು ಒಂದೇ ಗಾಡಿಯಲ್ಲಿ ಎರಡು ಹಸು ತಂದರೆ ಅರ್ಧ ಉಳಿಯುತ್ತದೆ. ಔಷಧ ಒಳಗಿಲ್ಲವೆಂದು ಹೊರಗಿನ ಅಂಗಡಿಗೆ ಬರೆದುಕೊಡುವುದೂ ಉಂಟು, ಕೈಯಲ್ಲಿ ಹಣ ಇರಲಿ. ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಬಾಟಲಿಯ ಮೇಲೆ ಬರೆದಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂದು ಅವರು ಗಟ್ಟಿಯಾಗಿ ಹೇಳುತ್ತಾರೆ. ಆ ನಷ್ಟ ನಮ್ಮಂಥವರಿಗೆ ಸಣ್ಣದಲ್ಲ, ಆದರೂ ಅದನ್ನು ಪಾಲಿಸುತ್ತೇನೆ. ನನ್ನ ಹಾಲು ಯಾವುದೋ ಮಗುವಿನ ಲೋಟಕ್ಕೆ ಹೋಗುತ್ತದೆ.

ನಾಯಿ ಸಾಕಿದವರಿಗೆ, ಬಿಡುವಿದ್ದರೆ, ಈ ಆಸ್ಪತ್ರೆ ಕಣ್ಣುಮುಚ್ಚಿ ಹೋಗಬಹುದಾದ ಜಾಗ. ಹಸು ಸಾಕಿದವರು ಊರಿನಲ್ಲಿ ಗುಣವಾಗದ್ದಕ್ಕೆ, ಶಸ್ತ್ರಚಿಕಿತ್ಸೆಗೆ, ಗಬ್ಬ ನಿಲ್ಲದ ತೊಂದರೆಗೆ ಹೋಗಿ. ಬೆಳಿಗ್ಗೆ ಬೇಗ ಹೋಗಿ, ಹಿಂದಿನ ಚೀಟಿಗಳನ್ನೂ ಕೊಟ್ಟ ಔಷಧಗಳ ಖಾಲಿ ಬಾಟಲಿಗಳನ್ನೂ ಒಯ್ಯಿರಿ. ನಾನು ಪ್ರತಿ ಹಸುವಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ಬೆದೆ, ಗಬ್ಬ, ಕರು, ಲಸಿಕೆ, ಕಾಯಿಲೆ, ಔಷಧ, ನೋಡಿದವರ ಹೆಸರು. ಹೊಸ ವಿದ್ಯಾರ್ಥಿಗಳು ಅದನ್ನು ಓದಿಯೇ ಹಸುವಿನ ಹತ್ತಿರ ಹೋಗುತ್ತಾರೆ, ಕೆಲವರು ತಾವೇ ಬರೆದುಕೊಡುತ್ತಾರೆ. ಬಸುರಿಯರಿಗೆ ತಾಯಿ ಕಾರ್ಡ್ ಕೊಡುವಂತೆ ಆಸ್ಪತ್ರೆಯೇ ಪ್ರತಿ ದನಕ್ಕೂ ಇಂಥದೊಂದು ಪುಸ್ತಕ ಕೊಡಲಿ ಎಂದು ಅಲ್ಲಿನ ಸಲಹಾ ಪೆಟ್ಟಿಗೆಗೆ ಬರೆದು ಹಾಕಿದ್ದೇನೆ. ನೀವು ಹೋದಾಗ ನೀವೂ ಬರೆದು ಹಾಕಿ.