ಎದೆಗೆ ಕಟ್ಟುವ ಹಾರ್ಟ್ ರೇಟ್ ಬೆಲ್ಟ್: ಓಟಗಾರರಿಗಲ್ಲ, ಹೃದಯದ ತೊಂದರೆ ಇರುವವರಿಗಾಗಿ ಒಂದು ರಿವ್ಯೂ

ವಾಚಿನಲ್ಲೇ ಹಾರ್ಟ್ ರೇಟ್ ಬರುತ್ತಲ್ಲ, ಮತ್ತೆ ಈ ಬೆಲ್ಟ್ ಯಾಕೆ? ಕಾರ್ಡಿಯಾಕ್ ರಿಹ್ಯಾಬ್‌ಗೆ ಬರುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ ಇರಬೇಕು. ನಾನು ಅಲ್ಲಿ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್. ಹಾರ್ಟ್ ಅಟ್ಯಾಕ್, ಸ್ಟೆಂಟ್, ಬೈಪಾಸ್, ವಾಲ್ವ್ ಆಪರೇಷನ್ ಆದವರು ಎಷ್ಟು ಹೊತ್ತು ನಡೆಯಬೇಕು, ಎಷ್ಟು ಜೋರಾಗಿ, ಯಾವಾಗ ನಿಲ್ಲಿಸಬೇಕು ಅಂತ ಲೆಕ್ಕ ಹಾಕಿ, ಪಕ್ಕದಲ್ಲೇ ನಿಂತು ಮಾಡಿಸುವ ಕೆಲಸ. ಓಡುವವರಿಗೆ, ಸೈಕಲ್ ಹೊಡೆಯುವವರಿಗೆ ಈ ಬೆಲ್ಟ್‌ಗಳ ರಿವ್ಯೂ ಬೇಕಾದಷ್ಟು ಇವೆ. ಎದೆ ಸೀಳಿ ಹೊಲಿಗೆ ಹಾಕಿಸಿಕೊಂಡವರು ಕಟ್ಟಿಕೊಂಡರೆ ಹೇಗಿರುತ್ತೆ ಅನ್ನುವುದು ಅವುಗಳಲ್ಲಿ ಇರುವುದಿಲ್ಲ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಹಲವು ಕಂಪನಿಗಳದ್ದು ಬಳಸಿದ್ದೇನೆ, ಅವುಗಳ ನಡುವಿನ ವ್ಯತ್ಯಾಸ ಡಬ್ಬದ ಮೇಲೆ ಬರೆದಷ್ಟು ದೊಡ್ಡದೇನಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಂಬರ್ ತೋರಿಸುವುದರಲ್ಲಿ ಬೆಲ್ಟ್ ಗಟ್ಟಿ. ಆ ನಂಬರನ್ನು ಹೃದ್ರೋಗಿಗೆ ಅರ್ಥ ಮಾಡಿಸುವುದರಲ್ಲಿ ಅದರ ಜೊತೆ ಬರುವ ಆ್ಯಪ್ ಪೂರ್ತಿ ದಂಡ.

ಗಟ್ಟಿ ಯಾಕೆ ಅಂದರೆ, ಬೆಲ್ಟ್ ಹಿಡಿಯುವುದು ಹೃದಯದ ವಿದ್ಯುತ್ ಸಂಕೇತವನ್ನು. ಇಸಿಜಿಯಲ್ಲಿ ಚೂಪಾಗಿ ಮೇಲೇಳುವ ಗೆರೆ ಇರುತ್ತಲ್ಲ, ಒಂದರಿಂದ ಇನ್ನೊಂದಕ್ಕೆ ಎಷ್ಟು ಸಮಯ ಆಯಿತು ಅಂತ ಅಳೆಯುತ್ತದೆ. ವಾಚು ಹಾಗಲ್ಲ. ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ಅಡಿಯಲ್ಲಿ ರಕ್ತ ಏರಿಳಿಯುವುದನ್ನು ನೋಡಿ ಅಂದಾಜು ಮಾಡುತ್ತದೆ. ಸುಮ್ನೆ ಕೂತಿದ್ದಾಗ ಎರಡೂ ಹತ್ತಿರ ಹತ್ತಿರವೇ ಇರುತ್ತವೆ. ತೊಂದರೆ ಶುರುವಾಗುವುದು ಟ್ರೆಡ್‌ಮಿಲ್ ಮೇಲೆ. ಹೊಸದಾಗಿ ಬಂದವರು ಭಯಕ್ಕೆ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ, ಮಣಿಕಟ್ಟು ಬಿಗಿಯುತ್ತದೆ, ಕೈ ತಣ್ಣಗಾಗಿರುತ್ತದೆ, ವಾಚು ಎಲ್ಲೆಲ್ಲೋ ಹೋಗುತ್ತದೆ. ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಎದೆಬಡಿತ ಅಂದುಕೊಂಡು ತೋರಿಸುವುದೂ ಉಂಟು. ಆಗ ಬಡಿತ ನಿಜಕ್ಕೂ 95 ಇದ್ದರೂ ವಾಚಿನಲ್ಲಿ 120 ಕಾಣುತ್ತದೆ. ಅದನ್ನು ನೋಡಿ ಗಾಬರಿಯಾದರೆ ಗಾಬರಿಗೇ ಬಡಿತ ಏರುತ್ತದೆ, ಅದು ಬೇರೆ ಮಾತು.

ಈ ವ್ಯತ್ಯಾಸ ಅಷ್ಟು ಮುಖ್ಯವಾ? ಆರೋಗ್ಯವಾಗಿ ಓಡುವವರಿಗೆ ಅಲ್ಲ. ನಮ್ಮಲ್ಲಿ ಬರುವ ಕೆಲವರಿಗೆ ಹೌದು. ಐಸಿಡಿ ಹಾಕಿಸಿಕೊಂಡವರನ್ನು ತೆಗೆದುಕೊಳ್ಳಿ. ಬಡಿತ ಅಪಾಯದ ಮಟ್ಟಕ್ಕೆ ಹೋದರೆ ಒಳಗಿಂದಲೇ ಶಾಕ್ ಕೊಡುವ ಸಾಧನ ಅದು, ಎಷ್ಟಕ್ಕೆ ಎಚ್ಚೆತ್ತುಕೊಳ್ಳಬೇಕು ಅಂತ ಡಾಕ್ಟರ್ ಒಂದು ಮಿತಿ ಹಾಕಿರುತ್ತಾರೆ. ವ್ಯಾಯಾಮದಲ್ಲಿ ಆ ಮಿತಿಗಿಂತ ಕನಿಷ್ಠ 10 ಬಡಿತ ಕೆಳಗೇ ಇರಿಸುವುದು ನಮ್ಮ ರೂಢಿ. ಟ್ರೆಡ್‌ಮಿಲ್ ಟೆಸ್ಟ್‌ನಲ್ಲಿ ಇಂಥ ಬಡಿತಕ್ಕೆ ಎದೆನೋವು ಬಂತು, ಅಥವಾ ಇಸಿಜಿ ಬದಲಾಯಿತು ಅಂತ ಗೊತ್ತಿರುವವರಿಗೂ ಅದೇ ಲೆಕ್ಕ. ಅಲ್ಲಿ 10 ಬಡಿತದ ಅಂತರವನ್ನು ವಾಚಿನ ಅಂದಾಜಿಗೆ ಒಪ್ಪಿಸಲು ನನಗೆ ಧೈರ್ಯವಿಲ್ಲ.

ಇನ್ನು ಕಟ್ಟಿಕೊಳ್ಳುವ ಕಷ್ಟ. ಬೆಲ್ಟ್ ಕೂರುವುದು ಎದೆಮೂಳೆಯ ಕೆಳತುದಿಯ ಹತ್ತಿರ. ಬೈಪಾಸ್ ಆದವರಿಗೆ ಹೊಲಿಗೆಯ ಕೆಳಭಾಗ ಬರುವುದೂ ಅಲ್ಲೇ, ಆಪರೇಷನ್ ಆದ ಮೇಲೆ ನೀರು ಬಸಿಯಲು ಹಾಕಿದ್ದ ಟ್ಯೂಬಿನ ಗಾಯಗಳು ಇರುವುದೂ ಅದರ ಆಸುಪಾಸಿನಲ್ಲೇ. ಗಾಯ ಪೂರ್ತಿ ಒಣಗುವ ತನಕ ಬೆಲ್ಟ್ ಬೇಡವೇ ಬೇಡ. ಬಿಗಿಯಾದ ಪಟ್ಟಿ, ಬೆವರು, ಉಜ್ಜಾಟ, ಮೂರೂ ಸೇರಿದರೆ ಚರ್ಮ ಕೆಂಪಗಾಗುವುದು ಖಂಡಿತ. ಅಷ್ಟು ದಿನ ನಾವು ಅಂಟಿಸುವ ಇಸಿಜಿ ಪ್ಯಾಚ್‌ಗಳಲ್ಲೇ ನೋಡಿಕೊಳ್ಳುತ್ತೇವೆ. ಅದೂ ಅಲ್ಲದೆ, ಬೆನ್ನ ಹಿಂದಕ್ಕೆ ಕೈ ತಿರುಗಿಸಿ ಕೊಕ್ಕೆ ಹಾಕುವ ಬೆಲ್ಟ್ ಇವರಿಗೆ ಸರಿಹೋಗುವುದಿಲ್ಲ. ಎದೆಮೂಳೆ ಕೂಡಿಕೊಳ್ಳುವ ತಿಂಗಳುಗಳಲ್ಲಿ ಕೈಯನ್ನು ಬೆನ್ನ ಹಿಂದೆ ಎಳೆಯುವ ಕೆಲಸವನ್ನೇ ಬೇಡ ಅಂತ ಹೇಳುತ್ತೇವೆ. ಕೊಳ್ಳುವ ಮುಂಚೆ ಕೊಕ್ಕೆ ಎಲ್ಲಿದೆ ನೋಡಿ. ಮುಂದೆ ಹಾಕಿಕೊಂಡು ತಿರುಗಿಸಬಹುದಾದರೆ ಒಳ್ಳೆಯದು. ಹೆಂಗಸರಿಗೆ ಬ್ರಾ ಪಟ್ಟಿಯೂ ಬೆಲ್ಟೂ ಒಂದೇ ಜಾಗಕ್ಕೆ ಜಗಳ ಆಡುತ್ತವೆ, ಈ ವಿನ್ಯಾಸ ಮಾಡಿದವರಿಗೆ ಅದು ಹೊಳೆಯಲೇ ಇಲ್ಲವೇನೋ.

ಪಟ್ಟಿಯಲ್ಲಿ ಚರ್ಮಕ್ಕೆ ತಾಗಿ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಜಾಗವನ್ನು ಒದ್ದೆ ಮಾಡದೆ ಕಟ್ಟಿಕೊಂಡರೆ ಶುರುವಿನ ಕೆಲವು ನಿಮಿಷ ಅಸಂಬದ್ಧ ನಂಬರ್ ಬರುತ್ತವೆ. ಬೆವರು ಬಂದ ಮೇಲೆ ತಾನಾಗಿ ಸರಿಹೋಗುತ್ತದೆ. ಆದರೆ ನಮ್ಮವರು ನಿಧಾನವಾಗಿ ವಾರ್ಮ್‌ಅಪ್ ಮಾಡುವವರು, ಬೆವರು ಬೇಗ ಬರುವುದಿಲ್ಲ. ಸ್ವಲ್ಪ ನೀರು ಹಚ್ಚಿ, ಅಥವಾ ಇಸಿಜಿ ಜೆಲ್.

ನನಗೆ ನಿಜವಾಗಿ ಸಿಟ್ಟು ಬರುವುದು ಆ್ಯಪ್‌ಗಳ ಮೇಲೆ. ವಯಸ್ಸು ಕೇಳುತ್ತವೆ, 220ರಿಂದ ಅದನ್ನು ಕಳೆಯುತ್ತವೆ, ಅದೇ ನಿಮ್ಮ ಗರಿಷ್ಠ ಬಡಿತ ಅಂತ ತೀರ್ಮಾನ ಮಾಡಿ ನೀಲಿ, ಹಸಿರು, ಕೆಂಪು ಅಂತ ಬಣ್ಣ ಹಚ್ಚುತ್ತವೆ. ಒಬ್ಬರ ಕಾಲಿನ ಅಳತೆಗೆ ಊರಿಗೆಲ್ಲ ಚಪ್ಪಲಿ ಹೊಲಿದ ಹಾಗೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಬಹಳ ಜನ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅದರ ಕೆಲಸವೇ ಬಡಿತವನ್ನು ತಗ್ಗಿಸುವುದು, ಸುಮ್ಮನಿದ್ದಾಗಲೂ, ನಡೆಯುವಾಗಲೂ.

ಒಂದು ಲೆಕ್ಕ ನೋಡೋಣ. ವಯಸ್ಸು 60. ಆ್ಯಪ್ ಪ್ರಕಾರ ಗರಿಷ್ಠ 160, ಅದರಲ್ಲಿ ಶೇಕಡ 70ರಿಂದ 80, ಅಂದರೆ 112ರಿಂದ 128 ಇದ್ದರೆ ಹಸಿರು. ಅದೇ ವ್ಯಕ್ತಿ ಮಾತ್ರೆ ತೆಗೆದುಕೊಂಡೇ ಟ್ರೆಡ್‌ಮಿಲ್ ಟೆಸ್ಟ್ ಮಾಡಿದಾಗ, ಇನ್ನು ಆಗಲ್ಲ ಅನ್ನುವ ಹೊತ್ತಿಗೆ ಬಡಿತ 120 ಇತ್ತು ಅಂದುಕೊಳ್ಳಿ. ಸುಮ್ಮನಿದ್ದಾಗ 60. ನಡುವಿನ ಅಂತರ 60. ಅದರ ಶೇಕಡ 40ರಿಂದ 80ನ್ನು ಸುಮ್ಮನಿದ್ದಾಗಿನ ಬಡಿತಕ್ಕೆ ಕೂಡಿಸಿದರೆ 84ರಿಂದ 108 ಬರುತ್ತದೆ. ಇದು ಫಿನ್ಲೆಂಡಿನ ವಿಜ್ಞಾನಿ ಕಾರ್ವೊನೆನ್ ಹೆಸರಿನ ಲೆಕ್ಕ, ನಾವು ದಿನಾ ಬಳಸುವುದು ಇದನ್ನೇ. ಈಗ ಆ್ಯಪ್ ಏನು ಮಾಡುತ್ತದೆ ನೋಡಿ. ಈ ಮನುಷ್ಯ 100ರಲ್ಲಿ ಸರಿಯಾಗಿ ನಡೆಯುತ್ತಿದ್ದರೆ, ಸಾಲದು, ಇನ್ನೂ ಜೋರು ಅನ್ನುತ್ತದೆ. ಅದು ಹೇಳಿದಂತೆ 125ಕ್ಕೆ ಹೋಗಲು ಹೊರಟರೆ ಟೆಸ್ಟ್‌ನಲ್ಲಿ ಸುಸ್ತಾಗಿ ನಿಂತ ಮಟ್ಟವನ್ನೂ ದಾಟಬೇಕು. ಇದನ್ನು ಸಣ್ಣ ತಪ್ಪು ಅನ್ನಲು ಆಗುತ್ತಾ?

ಅದಕ್ಕೇ ಬೆಲ್ಟ್ ಕೊಳ್ಳುವವರಿಗೆ ನನ್ನ ಒಂದೇ ಷರತ್ತು: ಗರಿಷ್ಠ ಬಡಿತವನ್ನೂ ಆ ಬಣ್ಣದ ವಲಯಗಳನ್ನೂ ಕೈಯಾರೆ ಬದಲಾಯಿಸಲು ಬಿಡುವ ಆ್ಯಪ್ ಇರಬೇಕು. ಟೆಸ್ಟ್ ಮಾಡಿದವರು ಕೊಟ್ಟ ನಂಬರನ್ನೇ ಹಾಕಿ. ಮಾತ್ರೆಯ ಡೋಸ್ ಬದಲಾದರೆ ಆ ನಂಬರೂ ಹಳತು, ಮತ್ತೆ ಕೇಳಿ.

ಕೆಲವರಿಗೆ ಬೆಲ್ಟ್ ಕೊಂಡು ಪ್ರಯೋಜನವೇ ಕಡಿಮೆ. ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಬಡಿತಕ್ಕೆ ಲಯವೇ ಇರುವುದಿಲ್ಲ, ನಂಬರ್ ಕುಣಿಯುತ್ತಲೇ ಇರುತ್ತದೆ. ಹೃದಯ ಕಸಿ ಆದವರಲ್ಲಿ ಹೊಸ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುತ್ತದೆ. ವ್ಯಾಯಾಮ ಶುರು ಮಾಡಿದರೆ ಬಡಿತ ತಡವಾಗಿ ಏರುತ್ತದೆ, ನಿಲ್ಲಿಸಿದ ಮೇಲೂ ತಡವಾಗಿ ಇಳಿಯುತ್ತದೆ. ಪೇಸ್‌ಮೇಕರ್ ಇದ್ದವರು ಮೊದಲು ಡಾಕ್ಟರನ್ನು ಕೇಳಿ, ರಿಹ್ಯಾಬ್‌ನಲ್ಲಿ ಒಮ್ಮೆ ಇಸಿಜಿ ಜೊತೆ ಹೋಲಿಸಿ ನೋಡಿಸಿಕೊಳ್ಳಿ. ಇವರೆಲ್ಲರಿಗೂ ಗೋಡೆಗೆ ಅಂಟಿಸಿದ ಬೋರ್ಗ್ ಸ್ಕೇಲ್ ಬೆಲ್ಟ್‌ಗಿಂತ ವಾಸಿ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ್ದು ಇದು, 6ರಿಂದ 20ರ ತನಕ ಎಷ್ಟು ಕಷ್ಟ ಅನಿಸುತ್ತಿದೆ ಅಂತ ನೀವೇ ನಂಬರ್ ಹೇಳುವುದು. 6ರಿಂದ ಯಾಕೆ ಅಂದರೆ ಪಕ್ಕಕ್ಕೆ ಒಂದು ಸೊನ್ನೆ ಸೇರಿಸಿದರೆ ಆರೋಗ್ಯವಂತ ಯುವಕರಲ್ಲಿ ಸುಮಾರಾಗಿ ಬಡಿತಕ್ಕೆ ಹೊಂದುತ್ತದೆ. 11ರಿಂದ 14ರೊಳಗೆ ಇರಿ ಅನ್ನುತ್ತೇವೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬೆಲ್ಟ್ ಇದ್ದವರಿಗೂ ನಾನು ಎರಡನ್ನೂ ಕೇಳುತ್ತೇನೆ. ಬಡಿತ ಮಾಮೂಲಿ 98, ಆದರೆ ಇವತ್ತು 16ರಷ್ಟು ಕಷ್ಟ ಅಂದರೆ ನಾನು ನಂಬುವುದು 16ನ್ನು. ಟ್ರೆಡ್‌ಮಿಲ್ ನಿಧಾನ ಮಾಡಿ ಬಿಪಿ ನೋಡುತ್ತೇನೆ.

ಇನ್ನೊಂದು, ಬೆಲ್ಟ್ ಅಂದರೆ ಇಸಿಜಿ ಅಲ್ಲ. ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಅನ್ನುವುದನ್ನು ಅದು ತೋರಿಸುವುದಿಲ್ಲ. ಎದೆ ಬಿಗಿತ, ದವಡೆಗೆ ಅಥವಾ ತೋಳಿಗೆ ಹರಡುವ ನೋವು, ತಲೆಸುತ್ತು ಬಂದರೆ ಬೆಲ್ಟಿನಲ್ಲಿ ನಂಬರ್ ಎಷ್ಟೇ ಚೆನ್ನಾಗಿರಲಿ, ನಿಲ್ಲಿಸಿ.

ಬಾಳಿಕೆ ಪರವಾಗಿಲ್ಲ. ಕೆಡುವುದು ಸಾಮಾನ್ಯವಾಗಿ ಪಟ್ಟಿ, ಮುಂದೆ ಸಿಕ್ಕಿಸುವ ಗುಂಡಿಯಂಥ ಸೆನ್ಸರ್ ಭಾಗವಲ್ಲ, ಆದ್ದರಿಂದ ಪಟ್ಟಿ ಬಿಡಿಯಾಗಿ ಸಿಗುವ ಮಾಡೆಲ್ ತೆಗೆದುಕೊಳ್ಳಿ. ಬಳಸಿದ ಮೇಲೆ ಗುಂಡಿಯನ್ನು ಬಿಚ್ಚಿ ಇಡಿ. ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಬಿಟ್ಟರೆ ಅದು ಆನ್ ಆಗಿಯೇ ಇರುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಪಟ್ಟಿಯನ್ನು ಪ್ರತಿ ಸಲ ನೀರಿನಲ್ಲಿ ಜಾಲಿಸಿ, ಬ್ಲೀಚ್, ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ. ಗುಂಪಿನಲ್ಲಿ ವ್ಯಾಯಾಮ ಮಾಡುವವರು ಗುಂಡಿಯ ಮೇಲಿನ ಐಡಿ ನಂಬರ್ ನೋಡಿಯೇ ಫೋನಿಗೆ ಸೇರಿಸಿ. ಇಲ್ಲದಿದ್ದರೆ ಪಕ್ಕದ ಸೈಕಲ್ಲಿನವರ ಬಡಿತ ನಿಮ್ಮ ಫೋನಿನಲ್ಲಿ ಬರುತ್ತದೆ.